ಸಿಲಿಂಡರು ಯಾರದು?



ಅಫಜಲಪುರ ತಾಲ್ಲೂಕಿನ ಮಣ್ಣೂರ ಭೀಮಾ ನದಿಯ ದಂಡೆಯ ಮೇಲಿನ ಊರು. ಈ ಬಿಸಿಲು ಸೀಮೆಯಲ್ಲಿ ಮನೆಯನ್ನು ಬೆಚ್ಚಗಿಡಲು ಯಾರೂ ದುಡ್ಡು ಸುರಿಯುವುದಿಲ್ಲ. ಚಳಿ ದೇಶಗಳ ಮಾತು ಬೇರೆ. ಅಮೆರಿಕದ ಹಳ್ಳಿಗಾಡಿನಲ್ಲಿ ಎಷ್ಟೋ ಕುಟುಂಬಗಳು ಚಳಿಗಾಲ ಕಳೆಯುವುದೇ ಪ್ರೊಪೇನ್ ಅನಿಲದ ಶಾಖದಿಂದ. ಅಂಗಳದಲ್ಲಿ ದೊಡ್ಡ ಟ್ಯಾಂಕು ಇರುತ್ತದೆ. ಅನೇಕ ಕಡೆ ಆ ಟ್ಯಾಂಕು ಮನೆಯವರದಲ್ಲ, ಅನಿಲ ಮಾರುವವನದು. ಅವನ ಟ್ಯಾಂಕಿಗೆ ಅವನೇ ಅನಿಲ ತುಂಬಬೇಕು. ಇನ್ನೊಬ್ಬ ಕಡಿಮೆ ದರಕ್ಕೆ ಕೊಡುತ್ತೇನೆಂದು ಬಂದರೂ ಪ್ರಯೋಜನವಿಲ್ಲ.

ಇದೇ ಕಟ್ಟು ಮಣ್ಣೂರಿನ ಅಡುಗೆಮನೆಯಲ್ಲೂ ಇದೆ. ಮೂಲೆಯಲ್ಲಿ ನಿಂತ ಕೆಂಪು ಸಿಲಿಂಡರಿನೊಳಗೆ ಇರುವುದು ಅದೇ ಪ್ರೊಪೇನ್ ಮತ್ತು ಅದರ ತಮ್ಮನಂತಿರುವ ಬ್ಯುಟೇನ್‌ಗಳ ಮಿಶ್ರಣ. ಆ ಸಿಲಿಂಡರು ಮತ್ತು ರೆಗ್ಯುಲೇಟರು ಕಂಪನಿಯ ಸ್ವತ್ತು. ಠೇವಣಿ ಪಡೆದು ಬಳಸಲು ಕೊಟ್ಟದ್ದು. ಮನೆಯವರದು ಒಲೆ, ಪೈಪು ಮತ್ತು ಒಳಗಿನ ಅನಿಲ ಮಾತ್ರ. ಗ್ಯಾಸಿನ ಖರ್ಚಿನ ಲೆಕ್ಕ ಹಾಕುವವರು ಮೊದಲು ಈ ಕಟ್ಟನ್ನು ಅರಿಯಬೇಕು.

ಇದಕ್ಕೊಂದು ಇತಿಹಾಸವಿದೆ. ಬರ್ಮಾ ಷೆಲ್ ಕಂಪನಿ 1955ರಲ್ಲಿ ಮುಂಬಯಿಯಲ್ಲಿ ಅಡುಗೆ ಅನಿಲ ಮಾರತೊಡಗಿತು. 1965ರಲ್ಲಿ ಕಲ್ಕತ್ತೆಯಲ್ಲಿ ಇಂಡೇನ್‌ನ ಮೊದಲ ಸಂಪರ್ಕ ದೊರೆಯಿತು. ಎಪ್ಪತ್ತರ ದಶಕದಲ್ಲಿ ವಿದೇಶಿ ಕಂಪನಿಗಳು ರಾಷ್ಟ್ರೀಕರಣಗೊಂಡು ಹಿಂದುಸ್ತಾನ್ ಪೆಟ್ರೋಲಿಯಂ, ಭಾರತ್ ಪೆಟ್ರೋಲಿಯಂಗಳಾದವು. ಆಮೇಲಿನ ಎರಡು ದಶಕ ಸಂಪರ್ಕಕ್ಕಾಗಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಸಂಸದರ ಕೂಪನ್ನಿಗೆ ಎಲ್ಲಿಲ್ಲದ ಬೇಡಿಕೆ. ಅಷ್ಟು ಕಾದು ಪಡೆದವರು ವಿತರಕನನ್ನು ಪ್ರಶ್ನಿಸುವ ಗೋಜಿಗೆ ಹೋಗಲಿಲ್ಲ. ಆ ಸಂಕೋಚ ಹಲವು ಮನೆಗಳಲ್ಲಿ ಇನ್ನೂ ಉಳಿದಿದೆ.

ಹಳ್ಳಿಯ ಬಡವರ ಮನೆಗೆ ಸಿಲಿಂಡರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಿಂದ. ಸಂಪರ್ಕ ಮಹಿಳೆಯ ಹೆಸರಿಗೆ. ಸರಕಾರದ ನೆರವು ಆಗ 1,600 ರೂಪಾಯಿ ಇತ್ತು. ಒಲೆ ಮತ್ತು ಮೊದಲ ಸಿಲಿಂಡರಿನ ಹಣವನ್ನು ಆಗ ಹಲವರು ಕಂಪನಿಯಿಂದ ಸಾಲವಾಗಿ ಪಡೆದರು. ಆ ಸಾಲ ತೀರಿದ್ದು ಅವರ ಸಬ್ಸಿಡಿಯಿಂದ. ಅಂದರೆ ಎರಡನೆಯ ಸಿಲಿಂಡರು ತರಲು ಹೋದವಳು ಪೂರ್ತಿ ಬೆಲೆ ತೆತ್ತಳು. ಬ್ಯಾಂಕ್ ಖಾತೆಗೆ ಮಾತ್ರ ಏನೂ ಬರಲಿಲ್ಲ. ಪರಿಣಾಮ ಸಿಎಜಿಯ 2019ರ ವರದಿಯಲ್ಲಿದೆ: 2018ರ ಡಿಸೆಂಬರ್ ಕೊನೆಗೆ ಉಜ್ವಲಾ ಕುಟುಂಬವೊಂದು ವರ್ಷಕ್ಕೆ ತುಂಬಿಸಿದ ಸಿಲಿಂಡರು ಸರಾಸರಿ 3.21 ಮಾತ್ರ. 2021ರಲ್ಲಿ ಆರಂಭವಾದ ಎರಡನೆಯ ಹಂತದಲ್ಲಿ ಒಲೆಯನ್ನೂ ಮೊದಲ ಸಿಲಿಂಡರನ್ನೂ ಉಚಿತವಾಗಿ ಕೊಡಲಾಯಿತು.

ಹಾಗಾದರೆ ಗ್ಯಾಸು ದುಬಾರಿಯೆ? ಶಾಖದ ಲೆಕ್ಕದಲ್ಲಿ ಅಲ್ಲ. ಒಂದು ಕಿಲೋ ಒಣ ಕಟ್ಟಿಗೆಗಿಂತ ಒಂದು ಕಿಲೋ ಗ್ಯಾಸಿನಲ್ಲಿ ಸುಮಾರು ಮೂರು ಪಟ್ಟು ಶಾಖವಿದೆ. ಹಳೆಯ ಮಣ್ಣಿನ ಒಲೆಯಲ್ಲಿ ನೂರು ಪಾಲು ಶಾಖದಲ್ಲಿ ಪಾತ್ರೆಗೆ ತಾಗುವುದು ಹತ್ತು ಪಾಲಿನಷ್ಟು. ಗ್ಯಾಸ್ ಒಲೆಯಲ್ಲಿ ಅರವತ್ತಕ್ಕೂ ಹೆಚ್ಚು. ಹೀಗೆ 14.2 ಕಿಲೋದ ಒಂದು ಸಿಲಿಂಡರು ಎರಡೂವರೆ ಕ್ವಿಂಟಲ್ ಕಟ್ಟಿಗೆಯ ಕೆಲಸ ಮಾಡುತ್ತದೆ.

ಆದರೆ ಹೊಲದ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಹಿತ್ತಲ ಕುಳ್ಳಿಗೆ ಯಾರೂ ರೊಕ್ಕ ಕೇಳುವುದಿಲ್ಲ. ಸಿಲಿಂಡರಿಗೆ ಮಾತ್ರ ಪೂರ್ತಿ ಹಣ ಒಮ್ಮೆಲೇ ಎಣಿಸಬೇಕು. ರೈತನ ಕೈಗೆ ರೊಕ್ಕ ಬರುವುದು ತೊಗರಿ ಮಾರಿದ ಮೇಲೆ. ಆದ್ದರಿಂದ ಚಹಾ, ಪಲ್ಯ ಗ್ಯಾಸಿನ ಮೇಲೆ. ಹೊತ್ತು ಹಿಡಿಯುವ ಜೋಳದ ರೊಟ್ಟಿ, ಜಳಕದ ನೀರು ಕಟ್ಟಿಗೆಯ ಮೇಲೆ. ಹೊಗೆ ಕುಡಿಯುವವಳು ಯಾರ ಹೆಸರಿನಲ್ಲಿ ಸಂಪರ್ಕವಿದೆಯೋ ಅವಳೇ. ಕಟ್ಟಿಗೆಯ ನಿಜವಾದ ಬೆಲೆ ಅವಳ ಕಣ್ಣು, ಶ್ವಾಸಕೋಶಗಳಲ್ಲಿ ಜಮೆಯಾಗುತ್ತದೆ.

ಈ ಬೆಲೆ ತಗ್ಗಿಸುವ ಕೆಲವು ದಾರಿಗಳು ಕಾಯಿದೆಯಲ್ಲೇ ಇವೆ. ಒಮ್ಮೆಲೇ ಹಣ ಹೊಂದಿಸಲಾಗದ ಉಜ್ವಲಾ ಕುಟುಂಬ ದೊಡ್ಡ ಸಿಲಿಂಡರಿನ ಬದಲು 5 ಕಿಲೋದ ಸಿಲಿಂಡರು ಪಡೆಯಬಹುದು. ವಿತರಕನ ಗೋದಾಮಿಗೆ ತಾವೇ ಹೋಗಿ ತಂದರೆ ಮನೆ ತಲುಪಿಸುವ ಶುಲ್ಕವನ್ನು ಬಿಲ್ಲಿನಲ್ಲಿ ಕಳೆಯಬೇಕು. ಒಲೆಯನ್ನು ತನ್ನಲ್ಲೇ ಕೊಳ್ಳಬೇಕೆಂದು ವಿತರಕ ಒತ್ತಾಯಿಸುವಂತಿಲ್ಲ. ಐಎಸ್‌ಐ ಗುರುತಿನ ಒಲೆ ಎಲ್ಲಿಂದಾದರೂ ತರಬಹುದು. ಮನೆಗೆ ತಂದವರಿಗೆ ತೂಗಿ ತೋರಿಸಿ ಎನ್ನುವುದು ಜಗಳವಲ್ಲ, ಹಕ್ಕು. ಸಿಲಿಂಡರಿನ ಮೇಲೆ ಬರೆದ ಖಾಲಿ ತೂಕಕ್ಕೆ 14.2 ಕೂಡಿಸಿದರೆ ಬರಬೇಕಾದ ತೂಕ ತಿಳಿಯುತ್ತದೆ. ಸೋರಿಕೆಯಾದರೆ 1906ಕ್ಕೆ ಫೋನ್ ಮಾಡಬೇಕು.

ವಿತರಕನನ್ನು ಬದಲಿಸುವ ಅವಕಾಶ ದೇಶದ ಬಹುಭಾಗದಲ್ಲಿ 2014ರಿಂದ ಇದೆ. ಊರಿನ ಸುತ್ತ ಒಬ್ಬನೇ ವಿತರಕನಿದ್ದರೆ ಆ ಅವಕಾಶ ಕಾಗದದ ಮೇಲೆ ಉಳಿಯುತ್ತದೆ, ನಿಜ. ಅಂಥ ಕಡೆ ರಸೀತಿಯೇ ಬಡವರ ಬಲ. ರಸೀತಿಗಿಂತ ಹೆಚ್ಚು ಕೇಳಿದರೆ, ಹೆಚ್ಚಿನದನ್ನೂ ಬರೆದುಕೊಡಿ ಎನ್ನಬೇಕು.

ಈ ಭಾಗದಿಂದ ಮುಂಬಯಿ, ಪುಣೆಗೆ ದುಡಿಯಲು ಹೋಗುವವರಿಗೆ ಒಂದು ಮಾತು. ಸಂಪರ್ಕ ಪಡೆದಾಗ ಕೊಟ್ಟ ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಬೇಕು. ಠೇವಣಿ ಕಟ್ಟಿದವರಿಗೆ ಸಿಲಿಂಡರು ಹಿಂದಿರುಗಿಸಿದಾಗ ಅದರಲ್ಲಿ ಬರೆದ ಹಣ ಮರಳಿ ಬರಬೇಕು. 2022ರ ಜೂನ್‌ನಲ್ಲಿ ಹೊಸ ಸಂಪರ್ಕದ ಸಿಲಿಂಡರ್ ಠೇವಣಿ 1,450ರಿಂದ 2,200 ರೂಪಾಯಿಗೆ ಏರಿತು. ಕೂಲಿಯವನ ಮನೆಗೆ ಅದು ಸಣ್ಣ ಮೊತ್ತವಲ್ಲ.

ಸಿಲಿಂಡರು ಕಂಪನಿಯದು. ಠೇವಣಿ, ತೂಕ, ರಸೀತಿ ಮನೆಯವರವು. ಇದನ್ನು ಅರಿತು ಕೇಳಿದ ಮನೆಯಲ್ಲಿ ಉಳಿದ ನಾಲ್ಕು ಕಾಸು ಮುಂದಿನ ಸಿಲಿಂಡರಿಗಾಗಬಹುದು; ಒಂದು ದಿನವಾದರೂ ರೊಟ್ಟಿ ಹೊಗೆಯಿಲ್ಲದೆ ಬೇಯಬಹುದು.