ಹತ್ತು ಮಿಲಿಲೀಟರ್ ಹಾಲಿನ ಲೆಕ್ಕ



ಹಲವು ವರ್ಷಗಳ ಹಿಂದೆ ಹಳ್ಳಿಯೊಂದರ ಹಾಲು ಉತ್ಪಾದಕರ ಸಂಘಕ್ಕೆ ನಾನು ಗಣಕಯಂತ್ರದ ಪ್ರೋಗ್ರಾಂ ಒಂದನ್ನು ಬರೆದುಕೊಟ್ಟಿದ್ದೆ. ಒಂದು ಮುಂಜಾನೆ ಹಾಲು ಹಾಕಲು ಬಂದ ತಾಯಿಯೊಬ್ಬರು ಚೀಟಿ ಹಿಡಿದು, "ಅಳತೇಲಿ ನಾಕು ಪಾಯಿಂಟ್ ಮೂವತ್ತೈದು ಇತ್ತು, ಚೀಟೀಲಿ ಮೂವತ್ನಾಕು ಬಂದದಲ್ಲ, ಸ್ವಾಮಿ?" ಎಂದು ಕಾರ್ಯದರ್ಶಿಗಳನ್ನು ಕೇಳಿದರು. ಕಡಿಮೆಯಾದದ್ದು ಹತ್ತು ಮಿಲಿಲೀಟರ್, ಎರಡು ಚಮಚದಷ್ಟು ಹಾಲು. ಆದರೆ ಸಂಶಯಕ್ಕೆ ಅಳತೆಯುಂಟೆ? ಆ ಪ್ರಾಮಾಣಿಕ ಮನುಷ್ಯನನ್ನು ಊರು ಅನುಮಾನದಿಂದ ನೋಡತೊಡಗಿತು. ತಪ್ಪು ನನ್ನದಾಗಿತ್ತು.

ಕೀಲಿಮಣೆಯಲ್ಲಿ ಒತ್ತಿದ '4.35' ಯಂತ್ರದ ಪಾಲಿಗೆ ಮೊದಲು ನಾಲ್ಕು ಚಿಹ್ನೆಗಳ ಬರಹವಷ್ಟೆ. ಅದನ್ನು ಸಂಖ್ಯೆಯಾಗಿ ಮಾರ್ಪಡಿಸಿ, ನೂರರಿಂದ ಗುಣಿಸಿ, ಪೂರ್ಣಾಂಕವನ್ನು ಮಾತ್ರ ಉಳಿಸಿಕೊಳ್ಳುವಂತೆ ನಾನು ವಿಧಿಸಿದ್ದೆ. 435 ಬರಬೇಕಾದಲ್ಲಿ ಒಳಗೆ ಬಂದದ್ದು 434.99999999999994. ಬಾಲ ಕತ್ತರಿಸಿದಾಗ ಉಳಿದದ್ದು 434.

ಹೀಗೇಕೆ? ನಮ್ಮ ಹಿರಿಯರು ಅರೆ, ಕಾಲು, ಅರೆಕಾಲು, ವೀಸ ಎಂದು ಅರ್ಧರ್ಧವಾಗಿ ಒಡೆದು ಲೆಕ್ಕ ಹಾಕುತ್ತಿದ್ದರು. ಯಂತ್ರದ ದ್ವಿಮಾನ ಪದ್ಧತಿಯದೂ ಅದೇ ದಾರಿ. ಹದಿನಾರನೆಯ ಒಂದು ಪಾಲಾದ ವೀಸವನ್ನು ಅದು ಲೋಪವಿಲ್ಲದೆ ಬರೆಯಬಲ್ಲುದು. ಹತ್ತನೆಯ ಒಂದು ಪಾಲನ್ನು ಬರೆಯಲಾರದು. ಮೂರನೆಯ ಒಂದು ಪಾಲು ನಮಗೆ 0.333 ಎಂದು ಕೊನೆಯಿಲ್ಲದೆ ಸಾಗುವಂತೆ, 0.1 ಎಂಬುದು ಯಂತ್ರಕ್ಕೆ ಮುಗಿಯದ ಸಂಖ್ಯೆ. ಆದುದರಿಂದ ಎಲ್ಲಿಯೋ ಒಂದೆಡೆ ನಿಲ್ಲಿಸಿ, ಹತ್ತಿರದ ಬೆಲೆಯನ್ನು ಇಟ್ಟುಕೊಳ್ಳುತ್ತದೆ.

ಈ ಅಲ್ಪ ಲೋಪ ಪ್ರಾಣವನ್ನೂ ತೆಗೆದದ್ದುಂಟು. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯದ ದಹ್ರಾನ್‌ನಲ್ಲಿ, ನೂರು ಗಂಟೆ ಎಡೆಬಿಡದೆ ನಡೆದಿದ್ದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯ ಕಾಲಗಣನೆ, ಕತ್ತರಿಸಿ ಇಟ್ಟ 0.1ರ ದೆಸೆಯಿಂದ ಸುಮಾರು 0.34 ಸೆಕೆಂಡು ತಪ್ಪಿತ್ತು. ಎರಗಿದ ಸ್ಕಡ್ ಕ್ಷಿಪಣಿಯನ್ನು ಅದು ತಡೆಯಲಿಲ್ಲ. 28 ಮಂದಿ ಅಮೆರಿಕನ್ ಸೈನಿಕರು ಮಡಿದರು.

ನಾನು ಕಂಡುಕೊಂಡ ಪರಿಹಾರ ಸರಳವಾದುದು. ಬರಹವನ್ನು ಚುಕ್ಕೆಯ ಬಳಿ ಎರಡಾಗಿ ಬಿಡಿಸಿ, ಎಡಗಡೆಯ 4ನ್ನು ನೂರರಿಂದ ಗುಣಿಸಿ, ಬಲಗಡೆಯ 35ನ್ನು ಕೂಡಿಸಿದೆ. ಎಲ್ಲವೂ ಪೂರ್ಣಾಂಕಗಳಾದ್ದರಿಂದ ಲೋಪಕ್ಕೆ ಎಡೆಯಿಲ್ಲ. '4.5' ಎಂದು ಬಂದರೆ ಮಾತ್ರ ಬಲಕ್ಕೆ ಸೊನ್ನೆ ಸೇರಿಸಿ 50 ಎಂದು ಓದಬೇಕು, 5 ಎಂದಲ್ಲ. ಅನೇಕ ಗಣಕಭಾಷೆಗಳಲ್ಲಿ ದಶಮಾಂಶಗಳನ್ನು ಇದ್ದಂತೆಯೇ ಇಡುವ 'ಡೆಸಿಮಲ್' ಎಂಬ ಏರ್ಪಾಡೂ ಉಂಟು. ಅದಕ್ಕೂ ಬರಹವನ್ನೇ ನೇರವಾಗಿ ಒಪ್ಪಿಸಬೇಕು. ಮೊದಲು ದ್ವಿಮಾನಕ್ಕೆ ಇಳಿಸಿ ಆಮೇಲೆ ಕೊಟ್ಟರೆ ದೋಷವೂ ಹಿಂದೆಯೇ ಬರುತ್ತದೆ.

ಸಂಘದ ಸಭೆಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡೆ. ಹಳೆಯ ಚೀಟಿಗಳನ್ನೆಲ್ಲ ಮತ್ತೆ ಎಣಿಸಿ ಬಾಕಿ ತೀರಿಸಿದರು. ಹೊರಡುವಾಗ ಕಾರ್ಯದರ್ಶಿಗಳು, "ಹಾಲಿನ ಬಾಕಿ ತೀರಿತು ಸ್ವಾಮಿ. ಮೂರು ತಿಂಗಳು ನಾನು ತಲೆ ತಗ್ಗಿಸಿ ನಡೆದದ್ದು ಯಾವ ಖಾತೆಗೆ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಯಾವ ಸಂಖ್ಯೆಯನ್ನು ಯಂತ್ರಕ್ಕೆ ಒಪ್ಪಿಸುವಾಗಲೂ ಅದರ ಆಚೆ ನಿಂತಿರುವ ಮನುಷ್ಯನನ್ನು ಒಮ್ಮೆ ನೆನೆಯುತ್ತೇನೆ.