ಅಕ್ಷರ ಕೊಟ್ಟ ಅಕ್ಕಂದಿರು

(ಸಂಘದ ವಾರ್ಷಿಕೋತ್ಸವದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



‘ಸೃಜನಶೀಲ ಕ್ಷೇತ್ರದಲ್ಲಿ ಮಹಿಳೆಯರು’ ಎಂಬ ವಿಷಯದ ಬಗ್ಗೆ ಮಾತನಾಡಬೇಕೆಂದು ಸಂಘದವರು ಕೇಳಿದಾಗ ಸಂತೋಷದಿಂದ ಒಪ್ಪಿಕೊಂಡೆ. ಆದರೆ ಸಾಧಕಿಯರ ಹೆಸರನ್ನೂ ಅವರಿಗೆ ಬಂದ ಪ್ರಶಸ್ತಿಗಳನ್ನೂ ಓದಿ ಹೇಳಿ ಕುಳಿತುಕೊಳ್ಳಲು ನನಗೆ ಮನಸ್ಸಿಲ್ಲ. ಆ ಪಟ್ಟಿ ನಿಮ್ಮ ಸಾಮಾನ್ಯ ಜ್ಞಾನದ ಪುಸ್ತಕದಲ್ಲೇ ಸಿಗುತ್ತದೆ. ನನ್ನ ಪ್ರಶ್ನೆ ಬೇರೆ. ಈ ಹೆಣ್ಣುಮಕ್ಕಳ ಕೈಗೆ ಮೊದಲು ಲೇಖನಿ ಕೊಟ್ಟವರು ಯಾರು? ಅವರ ಹೆಸರು ನಮಗೇಕೆ ಗೊತ್ತಿಲ್ಲ?

ಬೇಗಂ ರೊಕೆಯಾ ಅವರ ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಅವರು ಹುಟ್ಟಿದ್ದು 1880ರಲ್ಲಿ, ಈಗಿನ ಬಾಂಗ್ಲಾದೇಶದ ರಂಗಪುರ ಜಿಲ್ಲೆಯ ಪೈರಾಬಂದ್ ಗ್ರಾಮದ ಜಮೀನ್ದಾರಿ ಮನೆತನದಲ್ಲಿ. ಆ ಮನೆಯ ಗಂಡುಮಕ್ಕಳು ಕಲ್ಕತ್ತೆಗೆ ಹೋಗಿ ಇಂಗ್ಲಿಷ್ ಕಲಿತರು. ಹೆಣ್ಣುಮಕ್ಕಳಿಗೆ ಮನೆಯೊಳಗೇ ಕುರ್‌ಆನ್ ಪಠಣ, ಒಂದಿಷ್ಟು ಉರ್ದು, ಅಷ್ಟೇ. ಸುತ್ತಲಿನ ಜನರೆಲ್ಲ ಆಡುತ್ತಿದ್ದ ಬಂಗಾಳಿಯನ್ನು ಓದುವುದು ಬರೆಯುವುದು ದೊಡ್ಡ ಮನೆತನದ ಹೆಣ್ಣುಮಕ್ಕಳಿಗೆ ಶೋಭೆಯಲ್ಲ ಎಂದು ಭಾವಿಸಿದ್ದ ಕಾಲವದು.

ಈ ರೊಕೆಯಾಗೆ ಕರೀಮುನ್ನಿಸಾ ಎಂಬ ಅಕ್ಕ ಇದ್ದರು. ತಂಗಿಗಿಂತ ಬಹಳ ದೊಡ್ಡವರು. ಮನೆಯವರ ವಿರೋಧದ ನಡುವೆಯೇ ಬಂಗಾಳಿ ಕಲಿತರು, ಕವಿತೆ ಬರೆದರು. ಬೇಗನೆ ಮದುವೆಯಾಯಿತು, ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡರು. ಇಬ್ಬರು ಗಂಡುಮಕ್ಕಳನ್ನು ಚೆನ್ನಾಗಿ ಓದಿಸಿದರು. ತಂಗಿಗೆ ಬಂಗಾಳಿ ಅಕ್ಷರ ಹೇಳಿಕೊಟ್ಟವರು ಈ ಅಕ್ಕ. ಮುಂದೆ ರೊಕೆಯಾ ತಮ್ಮ ‘ಮೋತಿಚೂರ್’ ಪುಸ್ತಕದ ಎರಡನೆಯ ಭಾಗವನ್ನು ಅಕ್ಕನಿಗೇ ಅರ್ಪಿಸಿದರು. ಎಲ್ಲರೂ ಬೇಡವೆಂದಾಗ ಬೆನ್ನು ತಟ್ಟಿದವಳು ನೀನೊಬ್ಬಳೇ. ಮದುವೆಯಾಗಿ ಉರ್ದು ಮಾತಿನ ಭಾಗಲ್ಪುರದಲ್ಲಿ 14 ವರ್ಷ ಇದ್ದರೂ ನಾನು ಬಂಗಾಳಿ ಮರೆಯದೆ ಉಳಿದದ್ದು ನಿನ್ನಿಂದ ಎಂಬುದು ಆ ಅರ್ಪಣೆಯ ಮಾತುಗಳ ಸಾರ. ಕೆಲವು ವಾಕ್ಯಗಳಷ್ಟೇ ಸರಿ, ಆದರೆ ಎಷ್ಟು ಮಂದಿ ಲೇಖಕರು ಅಷ್ಟನ್ನಾದರೂ ಬರೆದಿದ್ದಾರೆ ಹೇಳಿ?

ರೊಕೆಯಾ 1905ರಲ್ಲಿ ಇಂಗ್ಲಿಷಿನಲ್ಲಿ ‘ಸುಲ್ತಾನಾಸ್ ಡ್ರೀಮ್’ ಎಂಬ ಕತೆ ಬರೆದರು. ಅದರಲ್ಲಿ ಗಂಡಸರು ಪರದೆಯೊಳಗೆ ಕುಳಿತು ಅಡುಗೆ ಮಾಡುತ್ತಾರೆ, ಹೆಂಗಸರು ಸೂರ್ಯನ ಶಾಖವನ್ನು ಹಿಡಿದಿಟ್ಟು ರಾಜ್ಯವಾಳುತ್ತಾರೆ! ಅದು ಅಚ್ಚಾದದ್ದು ನಮ್ಮ ಪಕ್ಕದ ಮದ್ರಾಸಿನಲ್ಲಿ, ‘ಇಂಡಿಯನ್ ಲೇಡೀಸ್ ಮ್ಯಾಗಜಿನ್’ ಎಂಬ ಪತ್ರಿಕೆಯಲ್ಲಿ. ಅದರ ಸಂಪಾದಕಿ ಕಮಲಾ ಸತ್ಯನಾಥನ್ ಎಂಬ ಕ್ರೈಸ್ತ ಮಹಿಳೆ. ರಂಗಪುರದ ಮುಸ್ಲಿಂ ಹೆಣ್ಣುಮಗಳ ಕತೆಯನ್ನು ಮದ್ರಾಸಿನ ಇನ್ನೊಬ್ಬ ಹೆಣ್ಣುಮಗಳು ಅಚ್ಚು ಹಾಕಿದಳು ಎಂಬುದು ಸಣ್ಣ ಸಂಗತಿಯಲ್ಲ. 1909ರಲ್ಲಿ ಪತಿ ತೀರಿಕೊಂಡಾಗ ಅವರು ಶಿಕ್ಷಣಕ್ಕೆಂದು ಬಿಟ್ಟುಹೋದ ಹಣದಿಂದ ರೊಕೆಯಾ ಭಾಗಲ್ಪುರದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಅಲ್ಲಿ ನಿಲ್ಲಲಾಗದೆ 1911ರಲ್ಲಿ ಕಲ್ಕತ್ತೆಗೆ ಬಂದು ಎಂಟು ಮಕ್ಕಳೊಂದಿಗೆ ಮತ್ತೆ ಆರಂಭಿಸಿದರು. ನಮ್ಮ ಸಂಘದ ಹಿರಿಯರಿಗೆ ಈ ಎಂಟರ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ.

ಇದೇ ಕಾಲಕ್ಕೆ ಅಲಿಗಢದಲ್ಲೂ ಒಂದು ದೀಪ ಹತ್ತಿತ್ತು. ಶೇಖ್ ಅಬ್ದುಲ್ಲಾ ಮತ್ತು ಅವರ ಪತ್ನಿ ವಹೀದ್ ಜಹಾನ್ ಬೇಗಂ 1906ರಲ್ಲಿ ಅಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಮಕ್ಕಳು ಡೋಲಿಯಲ್ಲಿ ಬರುತ್ತಿದ್ದರು. 1914ರಲ್ಲಿ ವಸತಿಗೃಹವಾದಾಗ ವಹೀದ್ ಜಹಾನ್ ಅದರ ಹೊಣೆ ತಾವೇ ಹೊತ್ತರು. ಹೆತ್ತವರಿಗೆ ಬೇಕಾಗಿದ್ದದ್ದು ಕಟ್ಟಡವಲ್ಲ, ನಂಬಿಗಸ್ತ ಹೆಂಗಸೊಬ್ಬಳು. ಅವರ ಮಗಳು ರಶೀದ್ ಜಹಾನ್ ವೈದ್ಯೆಯಾದರು, ಕತೆಗಾರ್ತಿಯೂ ಆದರು. 1932ರಲ್ಲಿ ಬಂದು ಮರುವರ್ಷವೇ ಸರಕಾರದ ನಿಷೇಧಕ್ಕೆ ಒಳಗಾದ ‘ಅಂಗಾರೆ’ ಸಂಕಲನದ ನಾಲ್ವರು ಲೇಖಕರಲ್ಲಿ ಅವರೊಬ್ಬರೇ ಮಹಿಳೆ. ಆ ಪುಸ್ತಕದ ಬಗ್ಗೆ ನಮ್ಮವರಲ್ಲೂ ಭಿನ್ನಾಭಿಪ್ರಾಯವಿದೆ, ಇರಲಿ. ಅದರಲ್ಲಿರುವ ರಶೀದ್ ಜಹಾನ್ ಅವರ ‘ದಿಲ್ಲಿ ಕೀ ಸೈರ್’ ಕತೆಯನ್ನು ಮಾತ್ರ ಓದಿ ನೋಡಿ. ದಿಲ್ಲಿ ನೋಡಲು ಹೊರಟ ಹೆಂಗಸನ್ನು ಗಂಡ ರೈಲ್ವೆ ಸ್ಟೇಷನ್ನಿನಲ್ಲಿ ಸಾಮಾನಿನ ಕಾವಲಿಗೆ ಕೂರಿಸಿ ಎಲ್ಲೋ ಹೋಗಿಬಿಡುತ್ತಾನೆ. ಬುರ್ಖಾದೊಳಗಿಂದ ಅವಳು ಕಂಡ ಪ್ಲಾಟ್‌ಫಾರ್ಮೇ ಅವಳ ದಿಲ್ಲಿ! ಮೂರು ಪುಟವೂ ಇಲ್ಲದ ಈ ಕತೆ ನಗಿಸುತ್ತದೆ, ಆಮೇಲೆ ನಿದ್ದೆ ಕೆಡಿಸುತ್ತದೆ.

ಅಲಿಗಢದ ಅದೇ ಶಾಲೆಯಲ್ಲಿ ಓದಿದವರು ಇಸ್ಮತ್ ಚುಗ್ತಾಯಿ. ರಶೀದ್ ಜಹಾನ್ ಅವರಿಗಿಂತ ಹತ್ತು ವರ್ಷ ಕಿರಿಯರು. ಅವರ ಧೈರ್ಯ, ಮಾತಿನ ನೇರ ಕಂಡು ತಾನೂ ಹಾಗೆಯೇ ಆಗಬೇಕೆಂದು ಹಂಬಲಿಸಿದ್ದನ್ನು ಇಸ್ಮತ್ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ರಶೀದ್ ಜಹಾನ್ 1952ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ ತೀರಿಕೊಂಡರು. ಅವರು ಬರೆದದ್ದು ಕಡಿಮೆ. ಇಸ್ಮತ್ ಬರೆದದ್ದು ಬೇಕಾದಷ್ಟು. ತಾಯಿ ವಸತಿಗೃಹ ನಡೆಸಿದರು, ಮಗಳು ಕತೆ ಬರೆದಳು, ಅವಳನ್ನು ನೋಡಿದವಳು ಉರ್ದು ಗದ್ಯದ ದಾರಿಯನ್ನೇ ಬದಲಿಸಿದಳು.

ಕನ್ನಡಕ್ಕೆ ಬರೋಣ. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಕಲಿತ ಸಾರಾ ಅಬೂಬಕ್ಕರ್ ಬರೆಯತೊಡಗಿದ್ದು ನಲವತ್ತು ದಾಟಿದ ಮೇಲೆ. ‘ಚಂದ್ರಗಿರಿಯ ತೀರದಲ್ಲಿ’ 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂತು. ತಾವು ಬರೆದರೆ ಸಾಕೆಂದು ಅವರು ಸುಮ್ಮನಿರಲಿಲ್ಲ. ಕಮಲಾ ದಾಸ್, ಬಿ.ಎಂ. ಸುಹರಾ ಅವರನ್ನು ಮಲಯಾಳದಿಂದ ಕನ್ನಡಕ್ಕೆ ತಂದರು. 2023ರ ಜನವರಿಯಲ್ಲಿ ಅವರು ನಮ್ಮನ್ನಗಲಿದರು. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಸಿಹಿ ಹಂಚಿದೆವು. ಆ ಕತೆಗಳನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಅವರಿಗೂ ಆ ಪ್ರಶಸ್ತಿಯಲ್ಲಿ ಸಮಪಾಲಿದೆ. ಮದ್ರಾಸಿನ ಆ ಸಂಪಾದಕಿಯ ನೆನಪಾಗುವುದಿಲ್ಲವೇ?

ಸಭೆಯಲ್ಲಿರುವ ಗಂಡಸರು ಬೇಸರ ಮಾಡಿಕೊಳ್ಳಬೇಡಿ. ರೊಕೆಯಾಗೆ ಅಣ್ಣನೂ ಪತಿಯೂ ನೆರವಾದರು, ಸಾರಾ ಅವರಿಗೆ ತಂದೆಯ ಬೆಂಬಲವಿತ್ತು. ಅವರ ಹೆಸರುಗಳು ಹೇಗೂ ದಾಖಲಾಗಿವೆ.

ಈಗ ನನ್ನ ಮಾತು. ನನ್ನ ದೊಡ್ಡಕ್ಕ, ನಾವು ಆಪಾ ಎನ್ನುತ್ತೇವೆ, ಏಳನೇ ತರಗತಿಗೇ ಶಾಲೆ ಬಿಟ್ಟಳು. ಹೊಲಿಗೆ ಮೆಷಿನ್ ತುಳಿಯುತ್ತಲೇ ನನ್ನಿಂದ ಪಾಠ ಓದಿಸುತ್ತಿದ್ದಳು, ತಪ್ಪಿದರೆ ಕೈಯಲ್ಲಿದ್ದ ಟೇಪಿನಿಂದ ಒಂದೇಟು. ರಾತ್ರಿ ಕರೆಂಟ್ ಹೋದಾಗ ಕತೆ ಹೇಳುತ್ತಿದ್ದಳು. ವಾರಪತ್ರಿಕೆಯಲ್ಲಿ ಅಚ್ಚಾದ ನನ್ನ ಮೊದಲ ಕತೆ ಅವಳು ಹೇಳಿದ್ದೇ. ನಮ್ಮ ಚಿಕ್ಕಮ್ಮನ ತವರಿನ ಟ್ರಂಕಿನದು. ಹೆಸರು ಮಾತ್ರ ನನ್ನದು. ನನ್ನ ಮೊದಲ ಪುಸ್ತಕವನ್ನು ಅರ್ಪಿಸಿದ್ದೂ ನನ್ನ ಕಾಲೇಜಿನ ಗುರುಗಳಿಗೆ. ಆಪಾ ಅಲ್ಲಿ ಎಲ್ಲೂ ಇರಲಿಲ್ಲ. ರೊಕೆಯಾ ಅಕ್ಕನಿಗೆ ಬರೆದ ಆ ಅರ್ಪಣೆಯನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಊರಿಗೆ ಹೋಗಿ ಆಪಾ ಮುಂದೆ ಕುಳಿತು ತಪ್ಪೊಪ್ಪಿಕೊಂಡೆ. ಅವಳು ಟ್ರಂಕು ತೆರೆದು, ಹಳದಿಯಾಗಿದ್ದ ಆ ಪತ್ರಿಕೆಯ ಹಾಳೆ ತೆಗೆದಳು. “ಹೆಸರು ಯಾರದಾದರೇನು ಬಿಡು. ಆದರೆ ಕೊನೆ ಮಾತ್ರ ನೀನು ಕೆಡಿಸಿದೆ ಕಣೇ. ಆ ಚಿಕ್ಕಮ್ಮ ಅಳಲಿಲ್ಲ, ಬೀಗ ಒಡೆದಳು,” ಎಂದಳು. ಕತೆಗಾರ್ತಿ ಯಾರೆಂದು ನನಗೆ ಆಗ ಗೊತ್ತಾಯಿತು.

ವಿದ್ಯಾರ್ಥಿನಿಯರೇ, ಅದಕ್ಕೇ ಒಂದು ಕೋರಿಕೆ. ಈ ಸಂಚಿಕೆಯ ಸಂಪಾದಕರೊಡನೆ ಮಾತನಾಡಿದ್ದೇನೆ, ಮುಂದಿನ ವರ್ಷಕ್ಕೆ ಎಂಟು ಪುಟ ಬಿಡುತ್ತೇವೆ ಎಂದಿದ್ದಾರೆ. ನಿಮ್ಮ ಅಮ್ಮ, ಅಜ್ಜಿ, ಅಕ್ಕ, ಪಕ್ಕದ ಮನೆಯ ಖಾಲಾ, ಯಾರಾದರೂ ಸರಿ, ಅವರು ಹೇಳಿದ ಕತೆಯನ್ನು ಅವರ ಮಾತಿನಲ್ಲೇ ಬರೆದು ತನ್ನಿ. ಉರ್ದುವೋ ಬ್ಯಾರಿಯೋ ಕನ್ನಡವೋ, ಲಿಪಿ ಕನ್ನಡವಿದ್ದರೆ ಸಾಕು. ಮೇಲೆ ಹೇಳಿದವರ ಹೆಸರು, ಕೆಳಗೆ ಬರೆದುಕೊಂಡವರ ಹೆಸರು. ಆಪಾಳ ಟ್ರಂಕಿನ ಕತೆಯನ್ನು, ಅದರ ಸರಿಯಾದ ಕೊನೆಯೊಂದಿಗೆ, ನಾನು ಈಗಾಗಲೇ ಕೊಟ್ಟಿದ್ದೇನೆ.