ಎತ್ತರ ಅಳೆಯುವ ಮೊದಲು ಹಾಸಿಗೆ ಎಣಿಸೋಣ



ಅಗ್ನಿಸುರಕ್ಷತೆಯ ನಿಯಮಗಳ ಒಳವಿವರಗಳನ್ನು ಮುಂದಿನ ಗೋಷ್ಠಿಗಳಲ್ಲಿ ನನಗಿಂತ ಬಲ್ಲವರು ಹೇಳಲಿದ್ದಾರೆ. ನಾನು ನೇರವಾಗಿ ಒಂದು ಘಟನೆಗೆ ಬರುತ್ತೇನೆ. 2019ರ ಫೆಬ್ರುವರಿ 12ರ ನಸುಕಿನಲ್ಲಿ ದೆಹಲಿಯ ಕರೋಲ್ ಬಾಗ್‌ನ ಅರ್ಪಿತ್ ಪ್ಯಾಲೇಸ್ ಹೋಟೆಲಿಗೆ ಬೆಂಕಿ ಬಿದ್ದು 17 ಜನ ಸತ್ತರು. ಆ ಹೋಟೆಲಿಗೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಇತ್ತು, ಅದರ ಅವಧಿಯೂ ಮುಗಿದಿರಲಿಲ್ಲ. ಆದರೆ ಓಡಾಡುವ ಪಡಸಾಲೆಯ ಗೋಡೆಗೆ ಅಂದಕ್ಕಾಗಿ ಹೊಡೆದಿದ್ದ ಮರದ ಹಲಗೆಗಳು ಹೊತ್ತಿಕೊಂಡಿದ್ದವು. ಹೊರಗೆ ಬರಬೇಕಾದ ದಾರಿಯೇ ಉರಿಯುತ್ತಿತ್ತು.

ಕೋಲ್ಕತ್ತದ ಬಡಾ ಬಜಾರ್‌ನ ಋತುರಾಜ್ ಹೋಟೆಲಿನ ಕಥೆ ಇದಕ್ಕೆ ವಿರುದ್ಧ. 2025ರ ಏಪ್ರಿಲ್ 29ರಂದು ಅಲ್ಲಿ 14 ಜನ ಸತ್ತಾಗ, ಎನ್‌ಒಸಿ ಅವಧಿ ಮುಗಿದು ಮೂರು ವರ್ಷವಾಗಿತ್ತೆಂದು ಅಧಿಕಾರಿಗಳು ಹೇಳಿದರು. ಕಿಟಕಿಗಳಿಗೆ ಇಟ್ಟಿಗೆ ಕಟ್ಟಿ ಮುಚ್ಚಲಾಗಿತ್ತು. ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಹೊಗೆ.

ಒಂದು ಕಡೆ ಪತ್ರವಿತ್ತು, ಇನ್ನೊಂದು ಕಡೆ ಇರಲಿಲ್ಲ. ಎರಡೂ ಕಡೆ ಜನ ಸತ್ತರು. ಪರಿಶೀಲನೆಯ ದಿನ ಕಟ್ಟಡ ಹೇಗಿತ್ತು ಎಂಬುದನ್ನಷ್ಟೇ ಎನ್‌ಒಸಿ ಹೇಳುತ್ತದೆ. ಮರುದಿನ ಮೆಟ್ಟಿಲ ಕೆಳಗೆ ಹಳೇ ಹಾಸಿಗೆ ರಾಶಿ ಹಾಕಿದರೆ, ಟೆರೇಸಿಗೆ ಶೀಟು ಹೊದಿಸಿ ಅಡುಗೆಮನೆ ಮಾಡಿದರೆ, ಅದು ಪತ್ರಕ್ಕೆ ಹೇಗೆ ಗೊತ್ತಾಗಬೇಕು?

ಲಾಡ್ಜ್, ಹೋಂಸ್ಟೇ, ಪಿ.ಜಿ.ಗಳನ್ನು ನಡೆಸುವ ನಿಮ್ಮ ವ್ಯವಹಾರ ಅಂಗಡಿ, ಕಚೇರಿಗಳಿಗಿಂತ ಬೇರೆಯೇ. ನಿಮ್ಮಲ್ಲಿಗೆ ಬಂದವರು ಬಾಗಿಲಿಗೆ ಚಿಲಕ ಹಾಕಿ ನಿದ್ದೆ ಮಾಡುತ್ತಾರೆ. ಕಟ್ಟಡ ಅವರಿಗೆ ಹೊಸದು. ಕಣ್ಣು ಕಾಣದ ಹೊಗೆಯಲ್ಲಿ ಅವರಿಗೆ ನೆನಪಾಗುವುದು ಬಂದ ದಾರಿ ಒಂದೇ, ಅಂದರೆ ಲಿಫ್ಟು ಅಥವಾ ಮುಂಭಾಗದ ಮೆಟ್ಟಿಲು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ನಿದ್ದೆಯಲ್ಲಿರುವವರನ್ನು ಅದು ಎಬ್ಬಿಸುವುದಿಲ್ಲ. 1980ರ ನವೆಂಬರ್ 21ರಂದು ಅಮೆರಿಕದ ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್ ಹೋಟೆಲಿನಲ್ಲಿ ಬೆಂಕಿ ಹೊತ್ತಿದ್ದು ಕೆಳಗಿನ ರೆಸ್ಟೋರೆಂಟಿನಲ್ಲಿ. ಸತ್ತ 85 ಜನರಲ್ಲಿ ಹೆಚ್ಚಿನವರು ಇದ್ದದ್ದು ಮೇಲಿನ ಮಹಡಿಗಳಲ್ಲಿ. ಲಿಫ್ಟಿನ ಕೊಳವೆ, ಮೆಟ್ಟಿಲಿನ ಗೂಡುಗಳ ಮೂಲಕ ಹೊಗೆ ಅವರನ್ನು ಹುಡುಕಿಕೊಂಡು ಹೋಯಿತು. ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು ವಿದ್ಯುತ್ ಡಕ್ಟಿನಲ್ಲಿ ಶುರುವಾದ ಬೆಂಕಿಯ ಹೊಗೆಗೆ ಹೆದರಿ ಜನ ಗಾಜು ಒಡೆದು ಹಾರಿದರು. 9 ಜನ ಸತ್ತರು. ಅದು ಕಚೇರಿಗಳ ಕಟ್ಟಡ, ಹೊತ್ತು ಹಗಲು, ಎಲ್ಲರೂ ಎಚ್ಚರವಾಗಿದ್ದರು.

ಈಗ ನಿಯಮದ ಮಾತು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ ಪೂರ್ತಿ ಅಗ್ನಿಸುರಕ್ಷತೆಗೇ ಮೀಸಲು. ಲಾಡ್ಜ್, ಡಾರ್ಮಿಟರಿ, ಹೋಟೆಲ್, ಸ್ಟಾರ್ ಹೋಟೆಲುಗಳನ್ನು ಅದು ಬೇರೆಬೇರೆಯಾಗಿ ಗುರುತಿಸುತ್ತದೆ. ನಿರ್ಗಮನದ ಬಾಗಿಲನ್ನು ಒಳಗಿನಿಂದ ಕೀಲಿಯಿಲ್ಲದೆ ತೆರೆಯುವಂತಿರಬೇಕು ಎನ್ನುತ್ತದೆ. ಒಳ್ಳೆಯ ಸಂಹಿತೆ. ಆದರೆ ರಾಜ್ಯ ಸರ್ಕಾರಗಳು, ಸ್ಥಳೀಯ ಸಂಸ್ಥೆಗಳು ತಮ್ಮ ಕಾನೂನು, ಉಪವಿಧಿಗಳಲ್ಲಿ ಅಳವಡಿಸಿಕೊಂಡಷ್ಟಕ್ಕೇ ಅದರ ಬಲ. ನಮ್ಮ ಗಮನವೆಲ್ಲ ಎತ್ತರದ ಮೇಲಿದೆ. ಸಂಹಿತೆಯ ಪ್ರಕಾರ ಬಹುಮಹಡಿ ಕಟ್ಟಡವೆಂದರೆ 15 ಮೀಟರ್ ಮತ್ತು ಅದಕ್ಕೂ ಮೇಲಿನದು. ಬಸ್ ಸ್ಟ್ಯಾಂಡಿನ ಎದುರು 30×40 ಅಡಿ ಸೈಟಿನಲ್ಲಿ ಎದ್ದ ನಾಲ್ಕು ಅಂತಸ್ತಿನ ಲಾಡ್ಜು ಸುಮಾರು 12 ಮೀಟರ್. ಒಂದೇ ಮೆಟ್ಟಿಲು, ಕಿಟಕಿಗೆಲ್ಲ ಗ್ರಿಲ್, ಕೆಳಗೆ ಹೋಟೆಲಿನ ಗ್ಯಾಸ್ ಸಿಲಿಂಡರುಗಳು. ಕಠಿಣ ನಿಯಮಗಳೆಲ್ಲ ಅದರ ತಲೆಯ ಮೇಲೆ ಹಾದುಹೋಗುತ್ತವೆ.

ಇಂಗ್ಲೆಂಡಿನ ಅನುಭವವನ್ನು ಇಲ್ಲಿ ನೆನೆಯಬೇಕು. 1969ರ ಡಿಸೆಂಬರ್ 26ರಂದು ಸ್ಯಾಫ್ರನ್ ವಾಲ್ಡನ್ ಎಂಬ ಸಣ್ಣ ಪಟ್ಟಣದ ರೋಸ್ ಅಂಡ್ ಕ್ರೌನ್ ಎಂಬ ಹಳೆಯ ಛತ್ರದಂಥ ಹೋಟೆಲಿನಲ್ಲಿ 11 ಜನ ಸತ್ತರು. ಆಕಾಶ ಮುಟ್ಟುವ ಕಟ್ಟಡವೇನಲ್ಲ ಅದು. 1971ರಲ್ಲಿ ಹೊಸ ಕಾನೂನು ಬಂತು. ಮರುವರ್ಷವೇ ಹೋಟೆಲು, ಬೋರ್ಡಿಂಗುಗಳು ಅದರ ಕೆಳಗೆ ಬಂದವು. ಅಲ್ಲಿ ಮುಖ್ಯ ಅಳತೆಗೋಲು ಮಲಗುವವರ ಸಂಖ್ಯೆ: ಅತಿಥಿಗಳಾಗಲಿ ಕೆಲಸದವರಾಗಲಿ, ಆರಕ್ಕಿಂತ ಹೆಚ್ಚು ಜನ ಮಲಗುವ ಜಾಗಕ್ಕೆ ಪ್ರಮಾಣಪತ್ರ ಕಡ್ಡಾಯ.

ಕೆಲಸದವರು ಎಂಬ ಮಾತನ್ನು ದಯವಿಟ್ಟು ಗಮನಿಸಿ. 2018ರ ಜನವರಿ 8ರ ನಸುಕಿನಲ್ಲಿ ಬೆಂಗಳೂರಿನ ಕೆ.ಆರ್. ಮಾರುಕಟ್ಟೆ ಬಳಿಯ ಬಾರ್ ಒಂದರಲ್ಲಿ ಸುಟ್ಟು, ಉಸಿರುಗಟ್ಟಿ ಸತ್ತ ಐವರೂ ಕೆಲಸ ಮುಗಿಸಿ ಅಲ್ಲೇ ಮಲಗಿದ್ದ ನೌಕರರು. ಯಾವ ರಿಜಿಸ್ಟರಿನಲ್ಲೂ ಇಂಥವರು ‘ವಾಸ್ತವ್ಯ’ ಹೂಡಿದವರಲ್ಲ.

ಮುಂದೆ 2005ರ ಅಗ್ನಿಸುರಕ್ಷತಾ ಆದೇಶವೊಂದರ ಮೂಲಕ ಇಂಗ್ಲೆಂಡು 1971ರ ಕಾನೂನಿನ ಆ ಪ್ರಮಾಣಪತ್ರವನ್ನೇ ಕೈಬಿಟ್ಟು, ಅಪಾಯ ಗುರುತಿಸಿ ಸರಿಪಡಿಸುವ ಹೊಣೆಯನ್ನು ಜಾಗವನ್ನು ನಡೆಸುವವರ ಮೇಲೆ ಹಾಕಿತು. ಅದನ್ನೇ ನಾವೂ ಕಣ್ಣುಮುಚ್ಚಿ ತರಬೇಕೆಂದು ನಾನು ಹೇಳಲಾರೆ. ಹೊಣೆಯನ್ನು ಮಾಲೀಕರಿಗೆ ಬಿಟ್ಟು ತಪಾಸಣೆ ಸಡಿಲಿಸಿದರೆ, ನಮ್ಮಲ್ಲಿ ಎರಡೂ ಆಗದೆ ಹೋದೀತು. ಎರಡೂ ಬೇಕು, ಅವು ಮಲಗುವವರ ಲೆಕ್ಕದ ಮೇಲೆ ನಿಲ್ಲಬೇಕು ಎಂಬುದು ನನ್ನ ನಿಲುವು. ಗೋಷ್ಠಿಗಳು ಇದನ್ನು ಒಪ್ಪಲಿ, ಇಲ್ಲವೇ ಕಾರಣ ಕೊಟ್ಟು ತಳ್ಳಿಹಾಕಲಿ. ಅಗ್ನಿಶಾಮಕ ವಾಹನ ತಲುಪಲು ಬಹಳ ಹೊತ್ತು ಬೇಕಾಗುವ ಮಲೆನಾಡಿನ ಹೋಂಸ್ಟೇಗಳಿಗೆ ಪೇಟೆಯ ನಿಯಮ ಹೊಂದುವುದೇ ಎಂಬುದೂ ಚರ್ಚೆಯಾಗಲಿ.

ಕೊನೆಯದಾಗಿ, ಹಿಂಬದಿಯ ಬಾಗಿಲಿಗೆ ರಾತ್ರಿ ಬೀಗ ಹಾಕಲು ಮಾಲೀಕರು ಕೊಡುವ ಕಾರಣ ನನಗೆ ಗೊತ್ತು: ಬಿಲ್ ಕೊಡದೆ ಹೋಗಿಬಿಡುತ್ತಾರೆ ಅಂತ. ಒಳಗಿನಿಂದ ತಳ್ಳಿದರೆ ತೆರೆದು ರಿಸೆಪ್ಷನ್‌ನಲ್ಲಿ ಗಂಟೆ ಹೊಡೆಯುವ ಬಾಗಿಲುಗಳು ಮಾರುಕಟ್ಟೆಯಲ್ಲಿವೆ. ಕಾನೂನು ತಿದ್ದುಪಡಿಗೆ ವರ್ಷಗಳು ಬೇಕಾದಾವು. ಆ ಬೀಗ ತೆಗೆಯಲು ಯಾರ ಅಪ್ಪಣೆಯೂ ಬೇಡ. ಇವತ್ತು ರಾತ್ರಿಯೇ ತೆಗೆಸಿ.